ಸಿಂದಗಿಯ ಪೇಂಟರ್ ಬರೆದ ಸೇತುವೆ

ನಮ್ಮ ವಿಜಯಪುರ ಜಿಲ್ಲೆಯ ನಕ್ಷೆಯನ್ನು ಎದುರಿಗಿಟ್ಟುಕೊಂಡು ರೈಲು ಹಳಿಯ ಗೆರೆಯ ಮೇಲೆ ಬೆರಳಿಡಿ. ಉತ್ತರದಲ್ಲಿ ಭೀಮಾ ನದಿಯನ್ನು ದಾಟಿ ಅದು ಇಂಡಿ ತಾಲೂಕಿಗೆ ಇಳಿಯುತ್ತದೆ. ವಿಜಯಪುರವನ್ನು ಮುಟ್ಟಿ, ಬಸವನ ಬಾಗೇವಾಡಿಯ ಸೀಮೆಯನ್ನು ಹಾಯ್ದು, ಆಲಮಟ್ಟಿಯ ಹತ್ತಿರ ಕೃಷ್ಣೆಯನ್ನು ದಾಟಿ ಬಾಗಲಕೋಟೆಯ ಕಡೆಗೆ ಹೋಗುತ್ತದೆ. ಪೂರ್ವಕ್ಕಿರುವ ಸಿಂದಗಿಗೂ ಮುದ್ದೇಬಿಹಾಳಕ್ಕೂ ಆ ಗೆರೆಯ ನೆಂಟಸ್ತನವಿಲ್ಲ. ಈ ಎರಡು ಪಟ್ಟಣಗಳಲ್ಲಿ ಇಂದಿಗೂ ರೈಲಿನ ಸಿಳ್ಳು ಕೇಳುವುದಿಲ್ಲ.

ಮೂವತ್ತು ವರ್ಷಗಳಿಂದ ನಾನು ಈ ನಾಲ್ಕೂ ಕಡೆ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತ ಬಂದವನು. ವರ್ಗಾವಣೆಯಾದಾಗಲೆಲ್ಲ ಪಾತ್ರೆ ಪಡಗ, ಪುಸ್ತಕದ ಪೆಟ್ಟಿಗೆಗಳ ಜೊತೆಗೆ ನಾನು ಒಂದು ಪ್ಲೈವುಡ್ ಹಲಗೆಯನ್ನೂ ಹೊತ್ತು ತಿರುಗಿದ್ದೇನೆ. ನಾಲ್ಕು ಅಡಿ ಉದ್ದ, ಎರಡು ಅಡಿ ಎಂಟು ಇಂಚು ಎತ್ತರದ ಆ ಹಲಗೆಯ ಮೇಲೆ ಆಯಿಲ್ ಪೇಂಟಿನಲ್ಲಿ ಬರೆದ ಒಂದು ಚಿತ್ರವಿದೆ. ಅದು 1887ರ ಒಂದು ಫೋಟೋದ ನಕಲು. ಫೋಟೋ ತೆಗೆದದ್ದು ಸ್ಕಾಟ್ಲೆಂಡಿನ ರೈಲು ಸೇತುವೆಯೊಂದರ ಸಲುವಾಗಿ. ನಕಲು ಬರೆದದ್ದು ಸಿಂದಗಿಯಲ್ಲಿ, 1998ರಲ್ಲಿ.

ನಮ್ಮ ಹಳಿಯ ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಮಕ್ಕಳು ಅದನ್ನು ತಿಳಿದಿರಬೇಕು. 1876ರಿಂದ 78ರವರೆಗೆ ಈ ಭಾಗವನ್ನು ಹಿಂಡಿ ಹಾಕಿದ ಬರದಲ್ಲಿ, ಕಾಳು ಇದ್ದ ಊರಿನಿಂದ ಇಲ್ಲದ ಊರಿಗೆ ಸಾಗಿಸಲು ಚಕ್ಕಡಿ ಬಿಟ್ಟರೆ ಗತಿಯಿರಲಿಲ್ಲ. ಎತ್ತಿಗೇ ಮೇವಿಲ್ಲದಾಗ ಚಕ್ಕಡಿ ಎಳೆಯುವುದು ಯಾವುದು? ಆ ಪೆಟ್ಟು ತಿಂದ ಮೇಲೆ ಹಾಕಿದ 'ಬರಗಾಲದ ಮಾರ್ಗ'ಗಳಲ್ಲಿ ನಮ್ಮದೂ ಒಂದು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹೊಟಗಿಯಿಂದ ಗದಗಿಗೆ ಮೀಟರ್‌ಗೇಜ್ ಹಳಿ ಹಾಕಿ, 1884ರಲ್ಲಿ ಗಾಡಿ ಓಡಿಸಿತು. ಈ ಶತಮಾನದ ಮೊದಲ ದಶಕದಲ್ಲಿ ಅದು ಬ್ರಾಡ್‌ಗೇಜ್ ಆಯಿತು.

ಇನ್ನು ಚಿತ್ರಕ್ಕೆ ಬರೋಣ. ಅದರಲ್ಲಿ ಸೇತುವೆಯನ್ನು ಹುಡುಕುವವರಿಗೆ ಮೊದಲು ಕಾಣುವುದು ಮೂರು ಜನ ಮನುಷ್ಯರು. ಎಡಕ್ಕೊಂದು, ಬಲಕ್ಕೊಂದು ಕುರ್ಚಿ. ಒಂದೊಂದರ ಮೇಲೂ ಒಬ್ಬೊಬ್ಬ ಗೃಹಸ್ಥರು ಎರಡೂ ಕೈ ಚಾಚಿ ಕುಳಿತಿದ್ದಾರೆ. ಪ್ರತಿಯೊಂದು ಕೈ ಒಂದು ಕೋಲನ್ನು ಹಿಡಿದಿದೆ, ಕೋಲಿನ ಇನ್ನೊಂದು ತುದಿ ಕುರ್ಚಿಗೆ ಆನಿಕೊಂಡಿದೆ. ಇಬ್ಬರ ಒಳಗಿನ ಕೈಗಳಿಂದ ತೂಗುಬಿಟ್ಟ ಹಲಗೆಯ ಮೇಲೆ ಮೂರನೆಯವನು ಕುಳಿತಿದ್ದಾನೆ. ಅವನ ಕಾಲು ನೆಲಕ್ಕೆ ತಾಗಿಲ್ಲ. ಹೊರಗಿನ ಕೈಗಳಿಂದ ಹಗ್ಗ ಇಳಿದು ಇಟ್ಟಿಗೆಯ ರಾಶಿಗೆ ಕಟ್ಟಿದೆ. ಅವರ ಹಿಂದೆ, ತಲೆಯ ಮೇಲುಗಡೆ, ಗೋಡೆಯಲ್ಲಿ ಸೇತುವೆಯದೇ ರೇಖಾಚಿತ್ರ. ಕೆಳಗೆ ಕುಳಿತವರ ಕೈ, ಕೋಲುಗಳನ್ನೂ ಮೇಲಿನ ಗೆರೆಗಳನ್ನೂ ಹೋಲಿಸಿ ನೋಡಿದರೆ ಎರಡೂ ಒಂದೇ.

ಇದು ಫೋರ್ತ್ ಸೇತುವೆ. ಈ ಫೋಟೋ ತೆಗೆಯುವ ಪ್ರಮೇಯ ಯಾಕೆ ಬಂತೆಂದರೆ, ಆಗ ಜನ ಸೇತುವೆಗಳನ್ನು ನಂಬುವುದನ್ನು ಬಿಟ್ಟಿದ್ದರು. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಯಲ್ಲಿ ಅದೇ ಸ್ಕಾಟ್ಲೆಂಡಿನ ಟೇ ಸೇತುವೆಯ ನಡುಭಾಗ ಮುರಿದು, ಅದರ ಮೇಲಿದ್ದ ಇಡೀ ರೈಲು ನೀರುಪಾಲಾಗಿತ್ತು. ಸುಮಾರು 75 ಜನರಿದ್ದರು, ಒಬ್ಬರೂ ಉಳಿಯಲಿಲ್ಲ. ಆ ಸೇತುವೆಯ ಎಂಜಿನಿಯರ್ ಥಾಮಸ್ ಬೌಚ್ ಅವರೇ ಫೋರ್ತ್ ಮೇಲೆ ತೂಗುಸೇತುವೆಯೊಂದನ್ನು ಯೋಜಿಸಿದ್ದರು, ಅದನ್ನು ಕೈಬಿಡಲಾಯಿತು. ಆ ಜಾಗಕ್ಕೆ ಹೊಸ ವಿನ್ಯಾಸ ತಂದವರು ಜಾನ್ ಫೌಲರ್ ಮತ್ತು ಬೆಂಜಮಿನ್ ಬೇಕರ್. ಕ್ಯಾಂಟಿಲಿವರ್, ಅಂದರೆ ಚಾಚುತೊಲೆ ಎಂಬ ಪದ ಕೇಳಿ ಜನ ಹುಬ್ಬು ಗಂಟಿಕ್ಕಿದರು. ಆಗ ಬೇಕರ್ 1887ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಉಪನ್ಯಾಸದಲ್ಲಿ ಸೂತ್ರಗಳನ್ನು ಬದಿಗಿಟ್ಟು ಈ ಚಿತ್ರವನ್ನು ತೋರಿಸಿದರು. ನಡುವೆ ಕೂತವರು ಜಪಾನಿನ ಕೈಚಿ ವಾತಾನಾಬೆ. ಗ್ಲಾಸ್ಗೋದಲ್ಲಿ ಓದಿ ಆ ಸೇತುವೆಯ ಕೆಲಸದಲ್ಲಿದ್ದವರು. ಚಾಚುತೊಲೆಯ ಕಲ್ಪನೆ ಪೂರ್ವದೇಶಗಳಲ್ಲಿ ಹಿಂದಿನಿಂದಲೂ ಇತ್ತು ಎಂಬುದನ್ನು ನೆನಪಿಸಲು ಬೇಕರ್ ಬೇಕೆಂದೇ ಅವರನ್ನು ಕೂರಿಸಿದ್ದರಂತೆ. ಹಿಮಾಲಯದ ಕಣಿವೆಗಳಲ್ಲಿ ಮರದ ದಿಮ್ಮಿಗಳನ್ನು ಎರಡೂ ದಡದಿಂದ ಚಾಚಿ ಕಟ್ಟಿದ ಸೇತುವೆಗಳು ಎಷ್ಟೋ ಕಾಲದಿಂದ ಇದ್ದವು. ಪೂರ್ವದವರ ಋಣವನ್ನು ಒಪ್ಪಿಕೊಂಡ ಆ ಕಾಲದ ಇಂಗ್ಲಿಷರು ಹೆಚ್ಚಿಲ್ಲ, ಆದ್ದರಿಂದ ಬೇಕರ್ ಅವರ ಮೇಲೆ ನನಗೆ ವಿಶೇಷ ಗೌರವ.

ಬಿ.ಎಡ್. ಓದುವಾಗ ಗ್ರಂಥಾಲಯದ ದಪ್ಪ ಪುಸ್ತಕವೊಂದರಲ್ಲಿ ಈ ಫೋಟೋ ಕಂಡು ಝೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೆ. ಆರು ಇಂಚು, ನಾಲ್ಕು ಇಂಚಿನ ಮಸಿ ಬಳಿದಂಥ ಪ್ರತಿ. ಎಪ್ಪತ್ತು ಮಕ್ಕಳ ವರ್ಗದಲ್ಲಿ ಅದನ್ನು ಹಿಡಿದು ತೋರಿಸಿದರೆ ಮೊದಲ ಬೆಂಚಿನವರಿಗೂ ಕಾಣುತ್ತಿರಲಿಲ್ಲ. ಸಿಂದಗಿಯ ಬಸ್‌ಸ್ಟ್ಯಾಂಡ್ ಕಡೆಗೆ ಒಬ್ಬ ಪೇಂಟರ್ ಅಂಗಡಿ ಇಟ್ಟಿದ್ದರು. ಕಿರಾಣಿ ಅಂಗಡಿಯ ಬೋರ್ಡು, ಲಾರಿಯ ಹಿಂದಿನ ಅಕ್ಷರ, ಚುನಾವಣೆ ಬಂದರೆ ಗೋಡೆ, ಜಾತ್ರೆ ಬಂದರೆ ಬಟ್ಟೆಯ ಬ್ಯಾನರು. ಓದು ಏಳನೆಯ ಇಯತ್ತೆಗೆ ನಿಂತಿತ್ತು. ಅಕ್ಷರ ಮಾತ್ರ ಅಚ್ಚಿನ ಮೊಳೆಯ ಹಾಗೆ. ಅವರ ಮಗ ನನ್ನ ಹತ್ತಿರ ಎಂಟನೆಯ ವರ್ಗದಲ್ಲಿದ್ದ.

ಝೆರಾಕ್ಸನ್ನು ತಿರುಗಿಸಿ ಮುರುಗಿಸಿ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: "ಸರ, ಈ ಇಟ್ಟಂಗಿ ರಾಶಿ ಎರಡೂ ಕಡಿ ಯಾಕ ಇಟ್ಟಾರ್ರಿ? ಫೋಟೋ ತಗೋವಾಗ ಅವನ್ನ ಸರಸಲಿಕ್ಕೆ ಯಾರಿಗೂ ಟೈಮ್ ಇರಲಿಲ್ಲೇನು?"

ಹಗ್ಗ ಝೆರಾಕ್ಸಿನಲ್ಲಿ ಪೂರಾ ಮಾಯವಾಗಿತ್ತು. ಪುಸ್ತಕದ ವಿವರಣೆ ಓದಿದ್ದರಿಂದ ನನಗೆ ಅದು ಗೊತ್ತಿತ್ತು, ಆದರೆ ಹೇಳಲಿಲ್ಲ. ಮಾಸ್ತರಿಕೆಯ ಚಟವಿದ್ದವರಿಗೆ ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟ ಎಂಬುದು ಮಾಸ್ತರರಿಗೇ ಗೊತ್ತು. ಮರುದಿನ ಸಂಜೆ ಹೋದಾಗ ಅಂಗಡಿಯಲ್ಲಿ ಬೇರೆಯೇ ಆಟ ನಡೆದಿತ್ತು. ಪೇಂಟರ್ ಕುರ್ಚಿಯ ಮೇಲೆ ಕೂತು, ಬ್ಯಾನರ್ ಕಟ್ಟುವ ಎರಡು ಬಿದಿರ ಕೋಲುಗಳನ್ನು ಫೋಟೋದಲ್ಲಿದ್ದಂತೆ ಹಿಡಿದಿದ್ದಾರೆ. ಮಗ ಒಂದು ಕೈಗೆ ಜೋತುಬಿದ್ದಿದ್ದಾನೆ. ಕುರ್ಚಿ ಅತ್ತ ವಾಲುತ್ತಿದೆ.

"ಈ ಕಡಿ ಇವ ಜಗ್ಗಿದ್ರ ಆ ಕಡಿ ನನ್ನ ಯಾರರೆ ಹಿಡೀಬೇಕಲ್ರಿ. ಅದಕ್ಕ ಇಟ್ಟಂಗಿ ಇಟ್ಟಾರ. ಆದ್ರ ಹಗ್ಗ ಎಲ್ಲಿ ಹೋತು?"

ಹೋದ ಹಗ್ಗವನ್ನು ಅವರೇ ಹಾಕಿದರು. ನೋವು ಎಲ್ಲಿ ಆಗುತ್ತದೆ ಎಂದು ಕೇಳಿದೆ. ಭುಜ ನೀವಿಕೊಳ್ಳುತ್ತ, "ಕೈ ಜಗ್ಗತದ, ಕೋಲು ನೂಕತದ" ಎಂದರು. ಪಠ್ಯಪುಸ್ತಕದಲ್ಲಿ ಇದಕ್ಕೆ ಕರ್ಷಣ ಬಲ, ಸಂಪೀಡನ ಬಲ ಎಂಬ ಹೆಸರುಗಳಿವೆ. ನಾನು ಆ ಹೆಸರುಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ, ಪರೀಕ್ಷೆಗೆ ಬೇಕಲ್ಲ. ಆದರೆ ಅದಕ್ಕೂ ಮೊದಲು ಪೇಂಟರ್ ಹೇಳಿದ ನಾಲ್ಕು ಪದಗಳನ್ನು ಬರೆಯುತ್ತೇನೆ.

ಚಿತ್ರ ದೊಡ್ಡದು ಮಾಡಿದ ರೀತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಝೆರಾಕ್ಸಿನ ಮೇಲೆ ಅರ್ಧ ಇಂಚಿಗೊಂದರಂತೆ ಗೆರೆ ಎಳೆದರು: ಉದ್ದಕ್ಕೆ 12, ಎತ್ತರಕ್ಕೆ 8, ಒಟ್ಟು 96 ಮನೆ. ಪ್ಲೈವುಡ್ಡಿಗೆ ಬಿಳಿ ಬಣ್ಣ ಬಳಿದು, ಅದರ ಮೇಲೆ ನಾಲ್ಕು ಇಂಚಿನ 96 ಮನೆ. ಆಮೇಲೆ ಒಂದು ಮನೆಯಲ್ಲಿ ಏನಿದೆಯೋ ಅದನ್ನಷ್ಟೇ ನೋಡಿ, ಅದೇ ಸಂಖ್ಯೆಯ ದೊಡ್ಡ ಮನೆಯಲ್ಲಿ ಇಳಿಸುತ್ತ ಹೋಗುವುದು. ಮುಖ ಬರೆಯುತ್ತಿದ್ದೇನೆ, ಕೈ ಬರೆಯುತ್ತಿದ್ದೇನೆ ಎಂದು ಯೋಚಿಸಬಾರದಂತೆ; ಯೋಚಿಸಿದರೆ ಕೈ ತನಗೆ ಗೊತ್ತಿದ್ದ ಮುಖವನ್ನೇ ಬರೆದುಬಿಡುತ್ತದಂತೆ. ಉದ್ದ ಎಂಟು ಪಟ್ಟಾದರೆ ಕ್ಷೇತ್ರಫಲ ಎಷ್ಟು ಪಟ್ಟಾಗುತ್ತದೆ ಎಂದು ಮಗನನ್ನು ಕೇಳಿದೆ. ಅವನು ಎಂಟು ಎಂದ. ಅಪ್ಪ ಬಣ್ಣದ ಡಬ್ಬಿಯಿಂದ ತಲೆ ಎತ್ತದೆ "ಅರವತ್ನಾಲ್ಕು" ಎಂದರು. ಬಣ್ಣ ಕೊಳ್ಳುವವರಿಗೆ ವರ್ಗದ ಲೆಕ್ಕ ತಪ್ಪುವುದಿಲ್ಲ.

ಬಣ್ಣದ ವಿಚಾರದಲ್ಲಿ ನಮ್ಮಿಬ್ಬರಿಗೂ ಸ್ವಲ್ಪ ಜಗ್ಗಾಟವಾಯಿತು. ಕಪ್ಪು-ಬಿಳುಪು ಫೋಟೋಕ್ಕೆ ಬಣ್ಣ ಎಲ್ಲಿಂದ ತರುವುದು? ಆ ಕಾಲದ ಸಾಮಾನ್ಯ ಫೋಟೋ ಫಲಕಗಳು ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದವು. ನೀಲಿ ಆಕಾಶ ಬೆಳ್ಳಗೆ ಬರುತ್ತಿತ್ತು, ಕೆಂಪು ವಸ್ತು ಕಪ್ಪಗೆ. ಹಾಗಾಗಿ ಹಳೆಯ ಫೋಟೋದಲ್ಲಿ ಕಪ್ಪಾಗಿ ಕಂಡದ್ದೆಲ್ಲ ಕಪ್ಪೇ ಎಂದು ನಂಬುವಂತಿಲ್ಲ. ಪೇಂಟರ್ ಇದನ್ನೆಲ್ಲ ಕೇಳಿ, "ಹಂಗಾದ್ರ ನನ್ನ ಮನಸ್ಸಿಗೆ ಬಂದದ್ದು ಹಚ್ಚತೀನಿ, ಸುಳ್ಳಂತ ಯಾರೂ ಹೇಳಲಿಕ್ಕೆ ಬರೂದಿಲ್ಲ" ಎಂದು ಒಬ್ಬರಿಗೆ ನೀಲಿ ಕೋಟು, ಇನ್ನೊಬ್ಬರಿಗೆ ಕಂದು ಕೋಟು ತೊಡಿಸಿದರು. ಹಿಂದಿನ ಗೋಡೆಗೆ ಲಾರಿಗೆ ಬಳಿದು ಉಳಿದಿದ್ದ ಹಳದಿ. ನಡುವಿನ ಮನುಷ್ಯನ ಮುಖ ಝೆರಾಕ್ಸಿನಲ್ಲಿ ಬರೀ ಮಸಿಯ ಚುಕ್ಕೆ. ಮನೆ ಮನೆ ಎಣಿಸಿ ಬರೆಯುವ ನಿಯಮ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಅಲ್ಲಿಗೆ ಅವರು ತಮ್ಮ ಮಗನ ಮುಖವನ್ನೇ ಬರೆದರು. ಅಂದಿನಿಂದ ವಾತಾನಾಬೆ ಅವರಿಗೆ ಸಿಂದಗಿ ಹುಡುಗನ ದುಂಡು ಮುಖ, ಎಣ್ಣೆ ಹಚ್ಚಿ ಬಾಚಿದ ಕೂದಲು.

2004ರಲ್ಲಿ ಹಲಗೆ ಬಸ್ಸಿನ ಟಾಪ್ ಏರಿ ಮುದ್ದೇಬಿಹಾಳಕ್ಕೆ ಬಂತು. ಕಂಡಕ್ಟರ್ ಲಗೇಜು ಟಿಕೆಟ್ ಹರಿದರು, ಇದರಲ್ಲಿ ಯಾವ ಪಕ್ಷದವರಿದ್ದಾರೆ ಎಂದೂ ವಿಚಾರಿಸಿದರು. ಅಲ್ಲಿ ನಾನು ಚಿತ್ರ ತೋರಿಸುವುದರ ಜೊತೆಗೆ ಮಕ್ಕಳನ್ನು ಕೂರಿಸಿ ಮಾಡಿಸಲು ತೊಡಗಿದೆ. ಇಬ್ಬರು ಗಟ್ಟಿ ಹುಡುಗರು ಕುರ್ಚಿಯಲ್ಲಿ, ಹಗುರಾದವ ನಡುವೆ, ನೆಲದಿಂದ ಗೇಣಷ್ಟೇ ಮೇಲೆ. ಒಂದು ಕಡೆಯ ಇಟ್ಟಿಗೆ ಬಿಚ್ಚಿದರೆ ಏನಾಗುತ್ತದೆ ಎಂಬುದನ್ನು ಮಕ್ಕಳು ಒಂದೇ ಸಲಕ್ಕೆ ಕಲಿತರು.

ಒಂದು ದಿನ ಪಾಲಕರೊಬ್ಬರು ಸಿಟ್ಟಿನಿಂದಲೇ ಬಂದರು. "ಸರ, ನನ್ನ ಮಗ ಶಾಲಿಗೆ ಬರೂದು ಓದಾಕೋ, ಕೋಲ ಹಿಡಿಯಾಕೋ? ನಿನ್ನೆ ರಾತ್ರಿ ಭುಜ ನೋಯ್ತಾವಂತ ಉಣ್ಣಲಾರದ ಮಲಗ್ಯಾನ. ಪರೀಕ್ಷಾಕ್ಕ ಎರಡ ತಿಂಗಳ ಉಳದಾವು." ಅವರು ಗೌಂಡಿ ಕೆಲಸದವರು. ಮಾತಾಡುತ್ತಲೇ ಅವರ ಕಣ್ಣು ಗೋಡೆಗೆ ಆನಿಸಿಟ್ಟ ಹಲಗೆಯ ಮೇಲೆ ಬಿತ್ತು. ಮಾತು ನಿಂತಿತು.

"ಇದು ಛಜ್ಜಾ ಅಲ್ರಿ?"

ಹೌದು ಎಂದೆ. ಕಿಟಕಿಯ ಮೇಲೆ ಹೊರಕ್ಕೆ ಚಾಚಿದ ಛಜ್ಜಾ ಎಂದರೆ ಒಂದು ಬದಿಯ ಚಾಚುತೊಲೆಯೇ. "ಛಜ್ಜಾಕ ರಾಡ್ ಮ್ಯಾಲಿನ ಕಡಿ ಇಡಬೇಕ್ರಿ" ಎಂದು ಅವರು ಶುರು ಮಾಡಿದರು. "ಮ್ಯಾಲಿನ ಕಡಿ ಜಗ್ಗತೈತಿ. ಕಾಂಕ್ರೀಟ್ ಹಾಕೂಮುಂದ ಆಳು ರಾಡ್ ತುಳದು ಕೆಳಗ ಇಳಿಸಿದ್ರ ಮುಗೀತು, ಸೆಂಟ್ರಿಂಗ್ ಬಿಚ್ಚಿದ ದಿನಾನ ಬೀಳತೈತಿ. ಮ್ಯಾಲ ಗ್ವಾಡಿ ಭಾರ ಬರೂತನಕ ಬಿಚ್ಚಬಾರದು." ಗೋಡೆಯ ಭಾರ ಎಂದರೆ ಚಿತ್ರದ ಇಟ್ಟಿಗೆ ರಾಶಿ. ಇಪ್ಪತ್ತು ವರ್ಷ ಕೈಯಲ್ಲಿದ್ದ ವಿದ್ಯೆಯನ್ನು ಅವರು ಒಂದು ಚಿತ್ರದಲ್ಲಿ ಮೊದಲ ಸಲ ಕಂಡಿದ್ದರು. ಶನಿವಾರ ಬಂದು ಇದನ್ನೇ ವರ್ಗದಲ್ಲಿ ಹೇಳಿ ಎಂದು ಕೇಳಿಕೊಂಡೆ. "ನಾ ಏನ್ ಹೇಳಲಿ, ಬರ್ಯಾಕ ಬರೂದಿಲ್ಲ" ಎಂದು ಹೊರಟವರು, ಶನಿವಾರ ಒಂದು ತುಂಡು ರಾಡ್ ಹಿಡಿದುಕೊಂಡು ಬಂದರು. ಮಗ ಮೊದಲ ಹತ್ತು ನಿಮಿಷ ನಾಚಿಕೆಯಿಂದ ತಲೆ ತಗ್ಗಿಸಿ ಕುಳಿತಿದ್ದ. ಆಮೇಲೆ ಅಕ್ಕಪಕ್ಕದವರನ್ನು ಸುಮ್ಮನಿರಿಸುವ ಕೆಲಸಕ್ಕೆ ಬಿದ್ದ. ಆ ವರ್ಷ ಪಾಸಾದ. ಎಷ್ಟು ಅಂಕ ಎಂದು ಮಾತ್ರ ಕೇಳಬೇಡಿ.

ಗೋಲಗುಮ್ಮಟದ ಪ್ರಶ್ನೆಯೂ ಅಲ್ಲೇ ಬಂತು. 1656ರ ಹೊತ್ತಿಗೇ ನಮ್ಮವರು ಸುಮಾರು 44 ಮೀಟರ್ ವ್ಯಾಸದ ಗುಮ್ಮಟವನ್ನು ನಡುವೆ ಒಂದೂ ಕಂಬವಿಲ್ಲದೆ ನಿಲ್ಲಿಸಿದ್ದಾರಲ್ಲ, ಅಲ್ಲಿ ಕೈ ಯಾವುದು, ಕೋಲು ಯಾವುದು? ಗುಮ್ಮಟದಲ್ಲಿ ಬಹುಮಟ್ಟಿಗೆ ಎಲ್ಲವೂ ಕೋಲೇ. ಇಟ್ಟಿಗೆ, ಗಾರೆಗಳು ನೂಕಿದರೆ ತಾಳುತ್ತವೆ, ಜಗ್ಗಿದರೆ ಬಿರಿಯುತ್ತವೆ. ಜಗ್ಗಿಸಿಕೊಂಡು ತಾಳುವ ಉಕ್ಕು ಅಗ್ಗವಾಗಿ ಸಿಗತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದು ಸಿಕ್ಕ ಮೇಲೆಯೇ ಫೋರ್ತ್ ಸೇತುವೆಯಂಥ ಚಾಚು ಸಾಧ್ಯವಾಯಿತು. ಅದರ ಎರಡು ಮುಖ್ಯ ಅಂಕಣಗಳು ತಲಾ 521 ಮೀಟರ್, ಒಂದೊಂದರಲ್ಲೂ ಹನ್ನೊಂದು ಗೋಲಗುಮ್ಮಟಗಳನ್ನು ಸಾಲಾಗಿ ನಿಲ್ಲಿಸಬಹುದು.

2011ರಲ್ಲಿ ಇಂಡಿಗೆ ಬಂದಾಗ ಮಕ್ಕಳು ಬೇರೆ ಥರದವರು. ಇವರು ರೈಲು ಕಂಡವರು. ಒಂದು ರವಿವಾರ ಇಪ್ಪತ್ತು ಮಕ್ಕಳನ್ನು ಇಂಡಿ ರೋಡ್ ನಿಲ್ದಾಣದಿಂದ ಪ್ಯಾಸೆಂಜರಿನಲ್ಲಿ ಸೊಲ್ಲಾಪುರಕ್ಕೆ ಕರೆದೊಯ್ದೆ, ಭೀಮಾ ಸೇತುವೆ ನೋಡಲೆಂದೇ. ಸೇತುವೆ ದಾಟಿದ ಕೂಡಲೇ ಒಬ್ಬ ಹುಡುಗಿ, "ಸರ, ನಿಮ್ಮ ಚಿತ್ರದ ಹಂಗ ಇಲ್ಲಲ್ರಿ, ಬರೇ ಕಂಬ ಅವ" ಎಂದಳು. ಒಳ್ಳೆಯ ಪ್ರಶ್ನೆ. ಭೀಮೆ ಬೇಸಿಗೆಯಲ್ಲಿ ಬತ್ತುವ ಹೊಳೆ. ಒಣಗಿದ ಪಾತ್ರದಲ್ಲಿ ಬೇಕಾದಷ್ಟು ಕಂಬ ಎಬ್ಬಿಸಿ ಅವುಗಳ ಮೇಲೆ ತೊಲೆ ಹಾಕುತ್ತ ಹೋದರಾಯಿತು. ಫೋರ್ತ್ ಸಮುದ್ರದ ಕೊಲ್ಲಿ, ಹಡಗುಗಳು ಓಡಾಡುವ ಜಾಗ. ನೀರಿನ ಆಳ ಕೆಲವೆಡೆ 60 ಮೀಟರ್. ನಡುವೆ ಸಿಕ್ಕ ಒಂದು ಸಣ್ಣ ನಡುಗಡ್ಡೆ ಬಿಟ್ಟರೆ ಕಾಲೂರಲು ಜಾಗವಿಲ್ಲ. ಕಾಲೂರಲು ಆಗದ ಕಡೆ ಕೈ ಚಾಚಬೇಕು. ನಮ್ಮ ದೇಶದಲ್ಲಿ ಅಂಥ ಸೇತುವೆ ಬೇಕಿದ್ದರೆ ಕೋಲ್ಕತ್ತದ ಹೌರಾ ಸೇತುವೆ ಇದೆ, 1943ರದು, ನಡು ಅಂಕಣ 457 ಮೀಟರ್. ಹಡಗುಗಳಿಗೆ ದಾರಿ ಬಿಡಲು ಅಲ್ಲಿಯೂ ನೀರಿನಲ್ಲಿ ಕಂಬ ಹಾಕಲಿಲ್ಲ. ಅದರ ಮೇಲೆ ರೈಲು ಓಡುವುದಿಲ್ಲ ಎಂಬುದನ್ನೂ ಆ ಹುಡುಗಿಗೆ ಹೇಳಬೇಕಾಯಿತು, ಅವಳು ಬಿಡುವವಳಲ್ಲ.

ಈ ಮಧ್ಯೆ ಸಿಂದಗಿಯಲ್ಲಿ ಪೇಂಟರ್ ಅಂಗಡಿ ಮುಚ್ಚಿತ್ತು. ಫ್ಲೆಕ್ಸ್ ಬಂದ ಮೇಲೆ ಕೈಬರಹದ ಬೋರ್ಡು ಯಾರಿಗೆ ಬೇಕು? ಒಂದು ಬ್ಯಾನರಿಗೆ ಅವರಿಗೆ ಹಿಡಿಯುತ್ತಿದ್ದ ದಿನದಲ್ಲಿ ಯಂತ್ರ ನೂರು ಉಗುಳುತ್ತದೆ. ಅವರು ಕೆಲ ವರ್ಷ ಮನೆಗಳಿಗೆ ಡಿಸ್ಟೆಂಪರ್ ಬಳಿದರು. ಮಗ ಪಿ.ಯು.ಸಿ. ಅರ್ಧಕ್ಕೆ ಬಿಟ್ಟು, ಕಂಪ್ಯೂಟರ್ ಡಿಸೈನ್ ಕಲಿತು, ವಿಜಯಪುರದಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯನ್ನೇ ಹಾಕಿದ. ತಂದೆಯ ಕೆಲಸ ತಿಂದ ಯಂತ್ರವನ್ನು ಮಗ ಸಾಲ ಮಾಡಿ ತಂದ ಎಂದು ಊರಲ್ಲಿ ಆಡಿಕೊಂಡವರಿದ್ದರು. ಆ ಸಾಲಕ್ಕೆ ಜಾಮೀನು ನಿಂತವರು ತಂದೆಯೇ ಎಂಬುದು ಆಡಿಕೊಂಡವರಿಗೆ ಗೊತ್ತಿರಲಿಲ್ಲ.

ಹೋದ ವರ್ಷ ಬಸವನ ಬಾಗೇವಾಡಿಯಲ್ಲಿ, ದೀಪಾವಳಿ ರಜೆ ಮುಗಿಸಿ ಬಂದು ನೋಡಿದರೆ ಹಲಗೆಯ ಕೆಳಗಿನ ಮೂರು ಇಂಚಿಗೆ ಗೆದ್ದಲು ಹತ್ತಿತ್ತು. ಕುರ್ಚಿಯ ಕಾಲುಗಳು ಹೋಗಿದ್ದವು. ಎಸೆದುಬಿಡಿ ಎಂದು ಸಹೋದ್ಯೋಗಿಗಳು ಸಲಹೆ ಕೊಟ್ಟರು. ಅಂತರ್ಜಾಲದಲ್ಲಿ ಈಗ ಆ ಫೋಟೋ ಬೇಕಾದಷ್ಟು ಸ್ಪಷ್ಟವಾಗಿ ಸಿಗುತ್ತದೆ, ನಿಜ. ನಾನು ಸಿಂದಗಿಗೆ ಫೋನ್ ಮಾಡಿದೆ. ಅಪ್ಪ-ಮಗ ಇಬ್ಬರೂ ಬಂದರು. ಮಗನಿಗೆ ಈಗ ನಲವತ್ತು ಹತ್ತಿರ. ತನ್ನ ಮೊಬೈಲಿನಲ್ಲಿ ಅಸಲು ಫೋಟೋ ತೆರೆದು, "ಸರ, ಇದನ್ನ ನಾಳೆ ದೊಡ್ಡ ಫ್ಲೆಕ್ಸ್ ಮಾಡಿ ತಂದ್ ಹಾಕ್ತೀನ್ರಿ, ರೊಕ್ಕ ಬ್ಯಾಡ" ಎಂದ.

ಅಪ್ಪ ಚಾಳೀಸು ಏರಿಸಿಕೊಂಡು ಮೊಬೈಲ್ ಇಸಿದುಕೊಂಡರು. ಮಗ ಹೇಳಿಕೊಟ್ಟಂತೆ ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ನೇರವಾಗಿ ಇಟ್ಟಿಗೆಯ ರಾಶಿಗೆ ಹೋದರು.

"ಹಗ್ಗ ಅದ" ಎಂದರು.

ಆಮೇಲೆ ನಡುವಿನ ಮನುಷ್ಯನ ಮುಖವನ್ನು ಬಹಳ ಹೊತ್ತು ನೋಡಿ ಮೊಬೈಲ್ ಹಿಂದಕ್ಕೆ ಕೊಟ್ಟರು. ಎರಡು ದಿನ ಶಾಲೆಯ ವರಾಂಡದಲ್ಲಿ ಕೂತು ಕೆಲಸ ಮಾಡಿದರು. ತಿಂದುಹೋದ ಭಾಗವನ್ನು ಕೊಯ್ದು, ಹೊಸ ಪಟ್ಟಿ ಕೂರಿಸಿ, ಗೆದ್ದಲಿಗೆ ಔಷಧ ಹಚ್ಚಿ, ಕುರ್ಚಿಗೆ ಕಾಲು ಬರೆದರು. ಕೈ ಸ್ವಲ್ಪ ನಡುಗುತ್ತದೆ. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದು ಬರೆಯುತ್ತಾರೆ. ಎರಡನೆಯ ದಿನ ಮಗ ಫ್ಲೆಕ್ಸ್ ತಂದ. ಅದನ್ನು ಎದುರು ಗೋಡೆಗೆ ಹಾಕಿಸಿ, ಎರಡಕ್ಕೂ ಏನೇನು ವ್ಯತ್ಯಾಸ ಪಟ್ಟಿ ಮಾಡಿ ಎಂದು ಒಂಬತ್ತನೆಯ ವರ್ಗಕ್ಕೆ ಕೆಲಸ ಕೊಟ್ಟೆ. ಮಧ್ಯಾಹ್ನದ ಊಟದ ಗಂಟೆಯ ಹೊತ್ತಿಗೆ ಹದಿನಾಲ್ಕು ಸಿಕ್ಕಿದ್ದವು. ಹದಿನಾಲ್ಕನೆಯದು ನಡುವಿನವನ ಮುಖ. ಅದನ್ನು ಕಂಡುಹಿಡಿದ ಹುಡುಗಿ, ಇದನ್ನು ತಪ್ಪು ಎಂದು ಬರೆಯಬೇಕೋ, ಬರೀ ವ್ಯತ್ಯಾಸ ಎಂದು ಬರೆಯಬೇಕೋ ಎಂದು ಕೇಳಲು ಬಂದಳು. ಪೇಂಟರ್ ನಳದ ಹತ್ತಿರ ಕೈ ತೊಳೆಯುತ್ತಿದ್ದರು. ಅವರನ್ನೇ ಕೇಳು ಎಂದೆ.

"ತಪ್ಪಂತನ ಬರೀವಾ" ಎಂದರು ಅವರು. "ಖರೇ ಹೇಳಬೇಕಂದ್ರ ಅದು ತಪ್ಪ ಅದ."

ಹೊರಗೆ ಮಗ ಗಾಡಿ ಚಾಲು ಮಾಡಿಕೊಂಡು ಹಾರ್ನ್ ಹೊಡೆಯುತ್ತಿದ್ದ.